ಕಣ್ಣಳತೆ

ನಮ್ಮವ್ವನ ಜಂಪರಿಗೆ ಟೇಪಿನ ಅಳತೆ ಅಂತ ಒಂದು ಇರಲೇ ಇಲ್ಲ. 1980ರ ದಶಕದ ಮಾತು. ಹುನಗುಂದದ ಆಚೆ ನಮ್ಮೂರು. ಊರ ನಡುವಿನ ಕಟ್ಟೆಯ ಮೇಲೆ ಟೇಲರ್ ಮಷೀನು ಇಟ್ಟುಕೊಂಡು ಕೂತಿರುತ್ತಿದ್ದ, ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡು. ಅವ್ವ ಕಟ್ಟೆಯ ಕೆಳಗೆ, ಬಿಸಿಲಲ್ಲಿ. ಗುಳೇದಗುಡ್ಡದ ಖಣವನ್ನು ಕಟ್ಟೆಯ ಅಂಚಿಗೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಅವನು ಮಷೀನಿನಿಂದ ಕತ್ತೆತ್ತಿ ‘ಹೊಳ್ಳಬೇ’ ಅನ್ನುತ್ತಿದ್ದ. ಅವ್ವ ನಿಂತಲ್ಲೇ ಒಂದು ಸುತ್ತು ತಿರುಗುತ್ತಿದ್ದಳು. ‘ಕೈ ಎತ್ತು.’ ಎತ್ತುತ್ತಿದ್ದಳು. ‘ಸಾಕು, ಶುಕ್ರವಾರ ಬಾ.’ ಮುಗಿಯಿತು ಅಳತೆ.

ಉಳಿದ ಓಣಿಯ ಹೆಂಗಸರು ಹಳೆಯದೊಂದು ಜಂಪರನ್ನು ಮಕ್ಕಳ ಕೈಲಿ ಕಳಿಸುತ್ತಿದ್ದರು, ಅಳತೆಗೆ. ನಮ್ಮ ಕೇರಿಗೆ ಅದೂ ಇರಲಿಲ್ಲ. ನಾವು ತೊಟ್ಟು ಬಿಟ್ಟ ಬಟ್ಟೆ ಆ ಕಟ್ಟೆ ಹತ್ತುವಂತಿರಲಿಲ್ಲ. ಹೊಸ ಖಣ ಹತ್ತಬಹುದಿತ್ತು, ಅದಿನ್ನೂ ನಮ್ಮ ಮೈ ಕಂಡಿರಲಿಲ್ಲವಲ್ಲ!

ಶುಕ್ರವಾರ ಕೈಗೆ ಬರುತ್ತಿದ್ದ ಜಂಪರು ಕಂಕುಳಲ್ಲಿ ಬಿಗಿ, ಬೆನ್ನಲ್ಲಿ ಸಡಿಲ. ಕಳೆ ಕೀಳಲು ಬಗ್ಗಿದರೆ ಬಗಲಿನ ಹೊಲಿಗೆ ಬಿಡುತ್ತಿತ್ತು. ಎಡ ಭುಜದಿಂದಂತೂ ಸದಾ ಜಾರುತ್ತಿತ್ತು. ಅವ್ವ ದಿನಕ್ಕೆ ನೂರು ಸಲ ಬಲಗೈಯಿಂದ ಎಡ ಭುಜದ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವಾಗ ಹಿಟ್ಟಿನ ಕೈಯಲ್ಲೇ ಎಳೆದುಕೊಂಡು, ಅವಳ ಎಲ್ಲ ಜಂಪರುಗಳ ಎಡ ಭುಜದಲ್ಲಿ ಜೋಳದ ಹಿಟ್ಟಿನ ಮಾಸಲು ಕಲೆ. ಒಂದು ಸಲ ಧೈರ್ಯ ಮಾಡಿ ಕೇಳಿಯೇಬಿಟ್ಟಳಂತೆ. ಟೇಲರ್ ಹೇಳಿದ್ದು: ‘ಜಂಪರ್ ಬರೋಬ್ಬರಿ ಐತಿ. ನಿನ್ನ ಮೈ ಸೊಟ್ಟ ಐತಿ.’

ಅವ್ವ ನಂಬಿದಳು. ನಾನು ಓದಿ, ನೌಕರಿ ಹಿಡಿದು, ಬೆಂಗಳೂರು ಸೇರಿದ ಮೇಲೆ ಕೇಳಿದಾಗಲೂ ಅದನ್ನೇ ಅಂದಳು. ‘ನನ್ನ ಮೈನ ಸೊಟ್ಟ ಬಿಡವಾ, ಅಂವರೇ ಏನ್ ಮಾಡ್ಯಾನು?’

ಆ ಟೇಲರನ ಮಾತು ಈಗ ಬಣ್ಣದ ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಹಬ್ಬದ ಸಂಚಿಕೆಯ ನಡುಪುಟ ತೆಗೆಯಿರಿ: ‘ನಿಮ್ಮ ಮೈಕಟ್ಟಿಗೆ ಒಪ್ಪುವ ಉಡುಗೆ’. ದಪ್ಪಗಿರುವವರು ಗಂಜಿ ಹಾಕಿದ ಕಾಟನ್ ಸೀರೆ ಉಡಬೇಡಿ, ಉಬ್ಬಿಕೊಂಡು ಕಾಣುತ್ತದೆ, ಜಾರ್ಜೆಟ್ ಉಡಿ. ಕುಳ್ಳಗಿರುವವರಿಗೆ ದೊಡ್ಡ ಅಂಚು ಬೇಡ. ತೋಳು ದಪ್ಪವಿದ್ದರೆ ಮೊಣಕೈವರೆಗಿನ ತೋಳಿಡಿಸಿ. ಕತ್ತು ಗಿಡ್ಡವಾದರೆ ಕತ್ತಿಗಂಟುವ ಸರ ಬೇಡ, ಉದ್ದ ಸರ ಇಳಿಬಿಡಿ. ದುಂಡು ಮುಖಕ್ಕೆ ದುಂಡನೆಯ ಓಲೆ ಬೇಡ. ಹೊಟ್ಟೆ ಇದ್ದವರು ಬೆಲ್ಟು ಹಾಕಬೇಡಿ. ಎದೆ ಇಲ್ಲದವರು ನೆರಿಗೆಯ ಕುರ್ತಾ ಹಾಕಿ. ಎದೆ ಜಾಸ್ತಿ ಇದ್ದವರು ಅದೇ ನೆರಿಗೆ ಬಿಡಿ.

ಅಲ್ಲಿನ ಕ್ರಿಯಾಪದಗಳನ್ನು ಮಾತ್ರ ಆರಿಸಿ ಓದಿ ನೋಡಿ. ಮರೆಮಾಡಿ, ಮುಚ್ಚಿ, ತಗ್ಗಿಸಿ, ಗಮನ ಬೇರೆಡೆಗೆ ಸೆಳೆಯಿರಿ. ಕಳ್ಳಮಾಲು ಸಾಗಿಸುವವರಿಗೆ ಕೊಡುವ ಸೂಚನೆ ಇದ್ದ ಹಾಗಿದೆ. ಇಲ್ಲಿ ಕಳ್ಳಮಾಲು ಯಾವುದು ಅಂದರೆ ನಿಮ್ಮ ಹೊಟ್ಟೆ, ನಿಮ್ಮ ತೊಡೆ, ಎರಡು ಹೆತ್ತ ಮೇಲೆ ಉಳಿದುಕೊಂಡ ಸೊಂಟದ ಮಡಿಕೆ.

ಇನ್ನು ಹಣ್ಣಿನ ಬುಟ್ಟಿ. ಹೆಂಗಸರಲ್ಲಿ ಸೇಬಿನಾಕಾರದವರು, ಪಿಯರ್ ಆಕಾರದವರು ಅಂತ ವಿಂಗಡಣೆ ಮಾಡಿದ್ದಾರೆ. ನಡುನಡುವೆ ಮರಳು ಗಡಿಯಾರ, ಆಯತ. ಪಿಯರ್ ಹಣ್ಣು ಹುನಗುಂದದ ಸಂತೆಗೆ ನಾನಿದ್ದಷ್ಟು ಕಾಲ ಬರಲಿಲ್ಲ. ನಾವು ಕಂಡಿದ್ದು ಪೇರಲ, ಬಾರಿಹಣ್ಣು. ಯಾರೋ ಎಲ್ಲಿಯೋ ತಮ್ಮ ಸಂತೆಯ ಹಣ್ಣಿಗೆ ತಮ್ಮೂರ ಹೆಂಗಸರನ್ನು ಹೋಲಿಸಿದ್ದನ್ನು ಇಲ್ಲಿ ಹಾಗೇ ಎತ್ತಿಕೊಂಡು ಬಂದು, ಜೋಳ ತಿಂದು, ಬಾವಿ ನೀರು ಸೇದಿ, ತಲೆ ಮೇಲೆ ಹೊರೆ ಹೊತ್ತು ಬೆಳೆದ ಮೈಗೆ ಚೀಟಿ ಹಚ್ಚುತ್ತಾರೆ. ಗಂಡಸರ ಪುಟ ಹುಡುಕಿದೆ. ‘ನಿಮ್ಮದು ಹಲಸಿನ ಆಕಾರದ ಮೈಯೇ? ಹಾಗಾದರೆ ಈ ಪಂಚೆ ಉಡಿ’ ಅನ್ನುವ ಲೇಖನ ಸಿಗಲಿಲ್ಲ. ಹೊಟ್ಟೆ ಬಿಟ್ಟುಕೊಂಡ ಗಂಡಸು ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ನೆಮ್ಮದಿಯಾಗಿ ಓಡಾಡುತ್ತಾನೆ, ಮಂತ್ರಿಯೂ ಆಗುತ್ತಾನೆ.

ನಿಯಮಗಳಾದರೂ ನಿಜವೇ ಅಂದರೆ ಅದೂ ಅಲ್ಲ. ಅಡ್ಡಗೆರೆಯ ಬಟ್ಟೆ ದಪ್ಪ ತೋರಿಸುತ್ತದೆ, ಉದ್ದಗೆರೆ ತೆಳ್ಳಗೆ ತೋರಿಸುತ್ತದೆ ಅನ್ನುವುದು ಈ ಶಾಸ್ತ್ರದ ಮೊದಲ ಪಾಠ. ಕಣ್ಣಿನ ಕೆಲಸವನ್ನು ಅಳೆದು ತೂಗಿದ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲೇ ಇದಕ್ಕೆ ಉಲ್ಟಾ ಬರೆದಿಟ್ಟಿದ್ದಾನೆ. ಒಂದು ಚೌಕದ ತುಂಬ ಅಡ್ಡಗೆರೆ ಎಳೆದರೆ ಅದು ಇರುವುದಕ್ಕಿಂತ ಎತ್ತರ ಕಾಣುತ್ತದೆ. ಹೆಂಗಸರ ಅಡ್ಡಗೆರೆಯ ಉಡುಪಿನ ಮಾತನ್ನೂ ಅವನು ಅಲ್ಲೇ ಎತ್ತಿದ್ದಾನೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಈ ಶತಮಾನದಲ್ಲಿ ಮತ್ತೆ ಪರೀಕ್ಷಿಸಿದರು. ಅಡ್ಡಗೆರೆ ದಪ್ಪ ತೋರಿಸುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ನೂರೈವತ್ತು ವರ್ಷದಿಂದ ಹೆಂಗಸರು ಒಂದು ಸುಳ್ಳಿಗೆ ಹೆದರಿ ಅಂಗಡಿಯಲ್ಲಿ ಅಡ್ಡಗೆರೆಯ ಬಟ್ಟೆಯನ್ನು ವಾಪಸು ಇಡುತ್ತಿದ್ದಾರೆ.

ನಾನೂ ಇಟ್ಟಿದ್ದೇನೆ, ಸುಳ್ಳೇಕೆ ಹೇಳಲಿ. ಮೂವತ್ತೈದು ದಾಟಿದ ಮೇಲೆ ಏಳೆಂಟು ವರ್ಷ ನಾನು ಕಪ್ಪು ಕುರ್ತಾ, ನೀಲಿ ಕುರ್ತಾ ಬಿಟ್ಟು ಬೇರೆ ತೊಡಲಿಲ್ಲ. ವೇದಿಕೆಯ ಮೇಲೆ ಸ್ತ್ರೀ ಸ್ವಾತಂತ್ರ್ಯದ ಭಾಷಣ, ಕೆಳಗೆ ಹೊಟ್ಟೆ ಒಳಗೆಳೆದುಕೊಂಡ ಉಸಿರು. ಗುಂಪಿನ ಫೋಟೋ ಅಂದರೆ ಹಿಂದಿನ ಸಾಲಿಗೆ ಓಡುತ್ತಿದ್ದೆ. ಅವ್ವನಿಗೆ ಟೇಲರ್ ಒಬ್ಬನೇ ಹೇಳಿದ್ದ. ನನಗೆ ಅಂಗಡಿಯ ಹುಡುಗಿ, ನೆಂಟರು, ಸಿನಿಮಾ, ಕೈಯಲ್ಲಿನ ಮೊಬೈಲು, ಎಲ್ಲರೂ ಸೇರಿ ಹೇಳುತ್ತಿದ್ದರು.

ನಮ್ಮ ಬಂಡಾಯದ ಅಣ್ಣಂದಿರಿಗೆ ಈ ಬರಹ ತೋರಿಸಿದರೆ ನಗುತ್ತಾರೆ. ‘ಬರೆಯೋದಕ್ಕೆ ಇದೇ ಸಿಕ್ಕಿತೇನಮ್ಮಾ, ಬಟ್ಟೆಬರೆ?’ ಕೇಳುವವರ ಮೈಮೇಲೆ ಎರಡು ಜೇಬಿನ ಖಾದಿ ಜುಬ್ಬಾ, ಬಗಲಲ್ಲಿ ಚೀಲ. ನಲವತ್ತು ವರ್ಷದಿಂದ ಅದೇ ಜುಬ್ಬಾ. ಅದು ಅವರ ಮೈಯಾಕಾರಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಒಬ್ಬರೂ ಕೇಳಿಲ್ಲ. ಬಟ್ಟೆಯ ವಿಚಾರ ಸಣ್ಣದು ಅನ್ನಿಸಬೇಕಾದರೆ ಮೊದಲು ಜೇಬಿರುವ ಬಟ್ಟೆ ಮೈಮೇಲಿರಬೇಕು ನೋಡಿ.

ಸಣ್ಣದಲ್ಲ ಅಣ್ಣಂದಿರಾ. ಈ ನಾಡಿನಲ್ಲಿ ಯಾರ ಮೈಮೇಲೆ ಯಾವ ಬಟ್ಟೆ, ಎಷ್ಟು ಬಟ್ಟೆ ಅನ್ನುವುದರ ಮೇಲೆ ರಾಜಾಜ್ಞೆಗಳೇ ಹೊರಟಿವೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಬೀದಿಯಲ್ಲಿ ಹೊಡೆತ ತಿಂದರು. ಕೊನೆಗೆ 1859ರ ಜುಲೈ 26ರಂದು ರಾಜ ಒಪ್ಪಿ ಹೊರಡಿಸಿದ ಆಜ್ಞೆಯ ಒಳವಿವರ ಹೀಗಿದೆ: ಕ್ರೈಸ್ತ ನಾಡಾರ್ ಹೆಂಗಸರಂತೆ ಕುಪ್ಪಸ ತೊಡಬಹುದು, ಮೀನು ಹಿಡಿಯುವ ಮುಕ್ಕುವರ ಹೆಂಗಸರಂತೆ ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಮೇಲ್ಜಾತಿಯ ಹೆಂಗಸರು ಹೊದೆಯುವ ಹಾಗೆ ಮಾತ್ರ ಹೊದೆಯಕೂಡದು. ಬಟ್ಟೆ ಕೊಟ್ಟ, ಉಡುವ ರೀತಿ ಕೊಡಲಿಲ್ಲ. ನಿಮ್ಮ ಅಂತಸ್ತಿಗೆ ಒಪ್ಪುವ ಉಡುಗೆ ಇದು, ಒಪ್ಪದ್ದು ಇದು. ಅರಮನೆಯಿಂದ ಬಂದ ಸ್ಟೈಲಿಂಗ್ ಟಿಪ್ಸು!

1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಬಾಬಾಸಾಹೇಬರು ಅದೇ ಹೊತ್ತಿನಲ್ಲಿ ಅಲ್ಲಿ ಸೇರಿದ್ದ ಹೆಂಗಸರ ಜೊತೆ ಮಾತಾಡಿದ್ದು ಯಾವುದರ ಬಗ್ಗೆ? ಸೀರೆಯ ಬಗ್ಗೆ. ಮೊಣಕಾಲಿನ ಮೇಲೆ ಎತ್ತಿ ಕಟ್ಟುವ ಸೀರೆ, ಕೈತುಂಬ ಅಗ್ಗದ ಲೋಹದ ಬಳೆ, ಇವು ನೀವು ಯಾರು ಅಂತ ದೂರದಿಂದಲೇ ಸಾರುವ ಗುರುತು, ಇವನ್ನು ಬಿಟ್ಟುಬಿಡಿ ಅಂದರು. ಪಾದದವರೆಗೆ ಇಳಿಸಿ ಉಡಿ ಅಂದರು. ಮರುದಿನವೇ ಹೆಂಗಸರು ಹಾಗೆ ಉಟ್ಟು ಬಂದರು. ಅಲ್ಲಿ ಒಬ್ಬ ಹೆಂಗಸಿಗೂ ನಿನ್ನ ಸೊಂಟ ದಪ್ಪ, ನಿನ್ನ ಕತ್ತು ಗಿಡ್ಡ ಅನ್ನಲಿಲ್ಲ. ಕಂಡವರು ನಿಮ್ಮನ್ನು ಕೀಳಾಗಿ ಕಾಣಲು ಬಟ್ಟೆ ನೆಪವಾಗುತ್ತಿದ್ದರೆ ಆ ಬಟ್ಟೆ ಬದಲಿಸಿ ಎಂದರು. ಉಡುಗೆಯ ಬಗ್ಗೆ ನನಗೆ ಗೊತ್ತಿರುವ ನೆಟ್ಟಗಿನ ಸಲಹೆ ಅದೊಂದೇ.

ಈಗ ಅಂಗಡಿಗೆ ಬನ್ನಿ. ಕಟ್ಟೆ ಹೋಗಿ ಗಾಜಿನ ಬಾಗಿಲು ಬಂದಿದೆ, ಯಾರು ಬೇಕಾದರೂ ಒಳಗೆ ಹೋಗಬಹುದು. ಟ್ರಯಲ್ ರೂಮಿನಲ್ಲಿ ಎಕ್ಸೆಲ್ ಕುರ್ತಾ ತೊಡುತ್ತೀರಿ. ಹೊಟ್ಟೆಗೆ ಸರಿಯಾಯಿತು, ಭುಜ ತೋಳಿನ ಮೇಲೆ ಇಳಿದು ಬಿತ್ತು. ಎಲ್ ತೊಟ್ಟರೆ ಭುಜ ಸರಿ, ಹೊಟ್ಟೆ ಬಿಗಿ. ಹೊರಗಿನಿಂದ ಹುಡುಗಿ, ‘ಮೇಡಂ, ನಿಮ್ಮ ಬಾಡಿ ಟೈಪಿಗೆ ಎ-ಲೈನ್ ಟ್ರೈ ಮಾಡಿ.’ ಅವಳದೇನೂ ತಪ್ಪಿಲ್ಲ, ದಿನವಿಡೀ ಕೂರಲು ಸ್ಟೂಲಿಲ್ಲದೆ ನಿಂತ ಕೂಸು. ತಪ್ಪು ಕತ್ತರಿಯಲ್ಲಿದೆ. ರೆಡಿಮೇಡಿನಲ್ಲಿ ಒಂದೇ ಒಂದು ಸೈಜನ್ನು ಮನಸ್ಸಿಟ್ಟು ಕತ್ತರಿಸುತ್ತಾರೆ. ಉಳಿದವನ್ನು ಅದರಿಂದ ಇಷ್ಟಿಷ್ಟೇ ಇಂಚು ಹಿಗ್ಗಿಸುತ್ತ, ಕುಗ್ಗಿಸುತ್ತ ಹೋಗುತ್ತಾರೆ, ಅದಕ್ಕೆ ಗ್ರೇಡಿಂಗ್ ಅನ್ನುತ್ತಾರೆ. ಸೊಂಟ ಹಿಗ್ಗಿದರೆ ಭುಜವೂ ಹಿಗ್ಗಬೇಕು, ತೋಳೂ ಉದ್ದವಾಗಬೇಕು. ಹೆಂಗಸು ಬಸುರಿಯಾಗಿ ಹೆತ್ತು ಹೊಟ್ಟೆ ಬಂದರೆ ಅವಳ ಭುಜದ ಮೂಳೆ ಅಗಲವಾಗುತ್ತದೆಯೇ? ಕೈ ಉದ್ದ ಬೆಳೆಯುತ್ತದೆಯೇ? ಇಷ್ಟು ಸಾದಾ ಪ್ರಶ್ನೆ ಕೇಳುವವರಿಲ್ಲದೆ ಲಕ್ಷಗಟ್ಟಲೆ ಕುರ್ತಾ ಹೊರಬೀಳುತ್ತವೆ. ಸಾಲದ್ದಕ್ಕೆ ಬಟ್ಟೆ ಉಳಿಸಲೆಂದು ಹೊಲಿಗೆಯ ಒಳಗೆ ಬೆರಳಗಲವೂ ಬಿಟ್ಟಿರುವುದಿಲ್ಲ, ಬಿಚ್ಚಿ ಸಡಿಲ ಮಾಡಿಸೋಣ ಅಂದರೆ ಬಿಚ್ಚಲು ಏನಿದೆ?

ಈ ಸೈಜು ಅನ್ನುವುದು ಎಲ್ಲಿಂದ ಬಂತು ಅಂತ ಕೆದಕಿದವಳಿಗೆ ಒಂದು ಕತೆ ಸಿಕ್ಕಿತು. 1939ರಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆ ತನ್ನ ಹೆಂಗಸರನ್ನು ಅಳೆಯಲು ಹೊರಟಿತು. ಅಂಚೆಯಲ್ಲಿ ತರಿಸಿದ ರೆಡಿಮೇಡು ಬಟ್ಟೆ ಸರಿಹೊಂದದೆ ವಾಪಸು ಬರುತ್ತಿತ್ತು, ವ್ಯಾಪಾರಿಗಳಿಗೆ ನಷ್ಟ. ರೂತ್ ಓಬ್ರಯನ್, ವಿಲಿಯಂ ಶೆಲ್ಟನ್ ಮುಂದಾಳುಗಳು. ಹೆಚ್ಚುಕಡಿಮೆ 15,000 ಹೆಂಗಸರು, ಒಬ್ಬೊಬ್ಬರಿಗೆ 59 ಅಳತೆ. 1941ರಲ್ಲಿ ಲೆಕ್ಕ ಅಚ್ಚಾಯಿತು. ಅದರ ಬುಡದ ಮೇಲೆ 1958ರಲ್ಲಿ ಅಲ್ಲಿನ ಅಧಿಕೃತ ಸೈಜುಪಟ್ಟಿ ಬಂತು, 1983ರಲ್ಲಿ ಅದನ್ನು ಕೈಬಿಟ್ಟರು. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಅವರಿಗೆ ಬೇಕಾಗಿದ್ದದ್ದು ಬಿಳಿಯ ಹೆಂಗಸರ ಅಳತೆ ಮಾತ್ರ. ಬಿಳಿಯರಲ್ಲದವರು ಸಾಲಿನಲ್ಲಿ ಬಂದು ನಿಂತಾಗ ಮನಸ್ಸು ನೋಯಿಸುವುದು ಬೇಡವೆಂದು ಅವರಿಗೂ ಟೇಪು ಹಿಡಿದರು, ಬರೆದುಕೊಂಡರು, ಆಮೇಲೆ ಲೆಕ್ಕದಿಂದ ತೆಗೆದುಹಾಕಿದರು.

ಓದಿ ಮುಗಿಸಿ ಪುಸ್ತಕ ಮಡಚಿಟ್ಟು ಬಹಳ ಹೊತ್ತು ಕೂತಿದ್ದೆ. ನಮ್ಮೂರ ಟೇಲರನಾದರೂ ಟೇಪು ಸೋಕಿಸಿರಲಿಲ್ಲ. ಇವರು ಸೋಕಿಸಿ ಬಿಸಾಡಿದರು.

ನಮ್ಮಲ್ಲೂ ಭಾರತದ ಮೈಗಳನ್ನೇ ಅಳೆದು ಭಾರತದ ಸೈಜುಪಟ್ಟಿ ಮಾಡಬೇಕೆಂದು ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಕೈಹಾಕಿದೆ. ಆರು ನಗರಗಳಲ್ಲಿ, 15ರಿಂದ 65 ವಯಸ್ಸಿನ 25,000 ಜನರನ್ನು ಸ್ಕ್ಯಾನರ್ ಯಂತ್ರದಲ್ಲಿ ನಿಲ್ಲಿಸಿ ಅಳೆಯುವ ಯೋಜನೆ. ಬೆಂಗಳೂರು, ಹೈದರಾಬಾದು, ಮುಂಬೈ, ದೆಹಲಿ, ಕೋಲ್ಕತ್ತ, ಶಿಲ್ಲಾಂಗ್. ಒಳ್ಳೆಯ ಕೆಲಸವೇ. ಆದರೆ ಎಲ್ಲವೂ ನಗರವೇ ಯಾಕೆ? ಹುನಗುಂದದ ಹೊಲದಲ್ಲಿ ಹತ್ತಿ ಬಿಡಿಸಿದ ಬೆನ್ನು, ಕಡಲದಂಡೆಯಲ್ಲಿ ಮೀನಿನ ಬುಟ್ಟಿ ಹೊತ್ತ ಕತ್ತು, ಮಲೆನಾಡಿನ ತೋಟದಲ್ಲಿ ಇಳಿಜಾರು ಹತ್ತಿ ಗಟ್ಟಿಯಾದ ಮೀನಖಂಡ, ಇವು ಯಾವ ಸ್ಕ್ಯಾನರಿನಲ್ಲಿ ನಿಲ್ಲಬೇಕು? 65 ದಾಟಿದ ನಮ್ಮವ್ವ ಬಟ್ಟೆ ತೊಡುವುದಿಲ್ಲವೇ?

ಬಣ್ಣದ ಮಾತು ಒಂದಿದೆ, ಬೇಗ ಮುಗಿಸುತ್ತೇನೆ, ಇಲ್ಲದಿದ್ದರೆ ಬಾಯಿ ಕೆಡುತ್ತದೆ. ‘ಕಪ್ಪಗಿರುವವರು ಕಡುಬಣ್ಣ ತೊಡಬೇಡಿ.’ ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪು ಮೈಮೇಲೆ ಹೇಗೆ ಉರಿಯುತ್ತದೆ ಅಂತ ನೋಡಿದವರು ಬರೆಯುವ ಮಾತಲ್ಲ ಇದು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು ತನ್ನ ಹೆಸರಿನಿಂದ ಫೇರ್ ಅನ್ನುವ ಶಬ್ದ ಕಿತ್ತು ಹಾಕಿದ್ದು 2020ರಲ್ಲಿ. ನಲವತ್ತೈದು ವರ್ಷ.

ನನ್ನ ತಂಗಿ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ದುಡಿದಳು. ಅವಳ ಕೆಲಸ ತೋಳು ಕೂಡಿಸುವುದು. ತೋಳು ಮಾತ್ರ. ಇಡೀ ಅಂಗಿ ಹೇಗಿರುತ್ತದೆ ಅಂತ ನೋಡಲು ಲೈನಿನ ಕೊನೆಗೆ ಹೋಗಬೇಕು, ಹೋಗಲು ಸೂಪರ್‌ವೈಸರ್ ಬಿಡಬೇಕು. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು, ತಪ್ಪಿದರೆ ಎಲ್ಲರೆದುರು ಬೈಗುಳ. ನೀರು ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆ ಅಂತ ನೀರನ್ನೇ ಕುಡಿಯುತ್ತಿರಲಿಲ್ಲ. ಬಗ್ಗಿ ಬಗ್ಗಿ ಅವಳ ಕತ್ತಿನ ಹಿಂದೆ ಒಂದು ಗುಬಟು ಎದ್ದಿದೆ. ಒಂದು ದಿನ ನನ್ನ ಮನೆಯಲ್ಲಿ ಆ ಬಣ್ಣದ ಪುಟ ಅವಳ ಕಣ್ಣಿಗೆ ಬಿತ್ತು. ಓದಿ ಕೇಳಿದಳು: ‘ಅಕ್ಕಾ, ಕುತಿಗಿ ಹಿಂದ ಗುಬಟ ಇದ್ದಾಕಿ ಏನ್ ಹಾಕ್ಕೋಬೇಕಂತ ಬರದಾರೇನು ಇದರಾಗ?’

ಬರೆದಿರಲಿಲ್ಲ. ಆ ಪುಟದಲ್ಲಿ ತೋರಿಸಿದ ಅಂಗಿಗಳ ತೋಳು ಕೂಡಿಸಿದ ಮೈಗಳಿಗೆ ಆ ಪುಟದಲ್ಲಿ ಒಂದು ಹಣ್ಣಿನ ಹೆಸರೂ ಇರಲಿಲ್ಲ.

2016ರ ಏಪ್ರಿಲ್ 18 ಮತ್ತು 19. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮಗಳ ಮದುವೆಗೆ, ಮಗನ ಫೀಜಿಗೆ, ಊರಿನ ಸಾಲಕ್ಕೆ ಆ ಹಣವನ್ನೇ ನಂಬಿದ್ದ ಗಾರ್ಮೆಂಟ್ಸಿನವರು ಮಷೀನು ಬಿಟ್ಟು ಎದ್ದರು. ಯಾವ ಪಕ್ಷದ ಬಾವುಟವೂ ಮುಂದಿರಲಿಲ್ಲ. ಸಾವಿರ ಸಾವಿರ ಹೆಂಗಸರು ಹೊಸೂರು ರಸ್ತೆ ತಡೆದರು, ಬೆಂಗಳೂರು ನಿಂತುಹೋಯಿತು. ಲಾಠಿ ಬಿತ್ತು, ಅಶ್ರುವಾಯು ಹಾರಿತು. 19ರ ರಾತ್ರಿಯೊಳಗೆ ದೆಹಲಿ ಆ ನಿಯಮವನ್ನು ವಾಪಸು ತೆಗೆದುಕೊಂಡಿತು. ತಂಗಿ ಆ ದಿನ ಹಸಿರು ಚೂಡಿದಾರದಲ್ಲಿದ್ದಳು. ವೇಲನ್ನು ಒಂದು ಭುಜದ ಮೇಲೆ ಇಳಿಬಿಟ್ಟರೆ ಎತ್ತರ ಕಾಣುತ್ತೀರಿ ಅಂತ ಪತ್ರಿಕೆಯವರು ಬರೆಯುತ್ತಾರಲ್ಲ, ಅವಳು ಮೊದಲು ಸೊಂಟಕ್ಕೆ ಬಿಗಿದಿದ್ದಳು, ಹೊಗೆ ಬಂದಾಗ ಬಿಚ್ಚಿ ನೀರಲ್ಲಿ ನೆನೆಸಿ ಮೂಗಿಗೆ ಕಟ್ಟಿಕೊಂಡಳು. ವೇಲಿನ ಉಪಯೋಗ ನಾನು ಕಲಿತದ್ದು ಅವಳಿಂದ.

ಹಾಗಾದರೆ ಹಳೆಯದೇ ಚೆಂದವೇ, ಸೀರೆಗೆ ಸೈಜೇ ಇಲ್ಲವಲ್ಲ, ಎಲ್ಲ ಮೈಗೂ ಒಂದೇ ಸೀರೆ ಅಂತ ಹಾಡಿ ಹೊಗಳುವ ಇನ್ನೊಂದು ಬಣವಿದೆ. ಅರ್ಧ ನಿಜ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಸೀರೆಯನ್ನು ಅವ್ವ ಹೊಲಕ್ಕೆ ಕಚ್ಚೆ ಹಾಕಿ ಉಡುತ್ತಿದ್ದಳು, ಮದುವೆಗೆ ನೆರಿಗೆ ಹಿಡಿದು ಉಡುತ್ತಿದ್ದಳು. ಬಸುರಿಯಾದಾಗ ಸಡಿಲ, ಹಸಿದ ವರ್ಷ ಬಿಗಿ. ಕೊಡಗಿನವರು ನೆರಿಗೆ ಹಿಂದಕ್ಕೆ ಇಡುತ್ತಾರೆ, ಅದೂ ಚೆಂದ. ಸೀರೆ ಮೈಯನ್ನು ಹಣ್ಣಿಗೆ ಹೋಲಿಸುವುದಿಲ್ಲ, ನಿಜ. ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆ ಸಂಚಿಯ ಅರೆಅರೆಗಳಲ್ಲಿ ಅವ್ವನ ಇಡೀ ಬ್ಯಾಂಕು ಇತ್ತು. ನನ್ನ ಕುರ್ತಾಗೆ ಜೇಬಿಲ್ಲ, ಹಾಗಾಗಿ ಮೂರು ಸಾವಿರದ ಹ್ಯಾಂಡ್‌ಬ್ಯಾಗು, ಹಾಗಾಗಿ ಭುಜ ನೋವು.

ಇನ್ನರ್ಧವನ್ನೂ ಕೇಳಿ. ಸೀರೆ ನಿಲ್ಲುವುದು ಒಳಲಂಗದ ಲಾಡಿಯ ಮೇಲೆ. ಸೀರೆ ಜಾರಬಾರದು, ಸೊಂಟ ಸಣ್ಣ ಕಾಣಬೇಕು, ಬಿಗಿ. ವರ್ಷಗಟ್ಟಲೆ ಸೊಂಟದ ಒಂದೇ ಜಾಗದಲ್ಲಿ ಬಿಗಿದ ಕಟ್ಟು ಚರ್ಮ ತಿಂದು, ಹುಣ್ಣಾಗಿ, ಮಾಗದೆ ಕ್ಯಾನ್ಸರಿಗೆ ತಿರುಗಿದ ಇಬ್ಬರು ಭಾರತದ ಹೆಂಗಸರ ಪ್ರಕರಣ 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹಿಂದೆಯೂ ನಮ್ಮ ವೈದ್ಯರು ಇಂಥದ್ದನ್ನು ಕಂಡು ‘ಸೀರೆ ಕ್ಯಾನ್ಸರ್’ ಅಂತ ಹೆಸರಿಟ್ಟಿದ್ದರು. ಸೀರೆಯದಲ್ಲ ತಪ್ಪು, ಬಿಗಿದ ಕಟ್ಟಿನದು. ಲಾಡಿಯ ಬದಲು ಅಗಲ ಪಟ್ಟಿ ಇಡಿಸಿ, ಸಡಿಲ ಕಟ್ಟಿ, ಕಟ್ಟುವ ಜಾಗ ಆಗಾಗ ಬದಲಿಸಿ, ಸೊಂಟದ ಸುತ್ತ ಕಪ್ಪುಗಟ್ಟಿ ಸಿಪ್ಪೆ ಏಳುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸೀರೆ ಉಡುವುದು ಹೇಗೆ ಅನ್ನುವ ಇಷ್ಟು ವರ್ಷದ ಪುಟಗಳಲ್ಲಿ ಈ ನಾಲ್ಕು ಸಾಲು ನನ್ನ ಕಣ್ಣಿಗೆ ಬಿದ್ದಿಲ್ಲ. ‘ಲಾಡಿ ಬಿಗಿಯಾಗಿ ಕಟ್ಟಿ, ನೆರಿಗೆ ಚೆನ್ನಾಗಿ ಕೂರುತ್ತದೆ’ ಅನ್ನುವುದು ಮಾತ್ರ ನೂರು ಸಲ ಬಿದ್ದಿದೆ.

ಹೊಲಿಗೆ ಬಲ್ಲವರನ್ನು ಕೇಳಿದರೆ ಬೇರೆಯೇ ವಿದ್ಯೆ ಹೊರಬರುತ್ತದೆ. ಕೈ ಎತ್ತಿದಾಗ ಇಡೀ ಬ್ಲೌಸು ಮೇಲೇಳುವುದು ತೋಳು ದಪ್ಪ ಅಂತಲ್ಲ, ಕಂಕುಳ ಕಟಿಂಗು ತೀರಾ ಕೆಳಗಿಳಿದಿದೆ ಅಂತ. ಅದನ್ನು ಕಂಕುಳಿಗೆ ಹತ್ತಿರ ಕತ್ತರಿಸಿದರೆ ಕೈ ತನ್ನಷ್ಟಕ್ಕೆ ಆಡುತ್ತದೆ, ಬ್ಲೌಸು ತನ್ನಷ್ಟಕ್ಕೆ ಇರುತ್ತದೆ. ಎದೆಯ ಮೇಲೆ ಬಟ್ಟೆ ಜಗ್ಗಿ ಹುಕ್ಕಿನ ನಡುವೆ ಬಾಯಿ ಬಿಡುವುದು ಎದೆಯ ತಪ್ಪಲ್ಲ, ಟಕ್ಕು ಹಿಡಿದ ಜಾಗದ ತಪ್ಪು. ಬಟ್ಟೆಯನ್ನು ನೇರ ಕತ್ತರಿಸುವ ಬದಲು ಕ್ರಾಸ್ ಕಟಿಂಗ್ ಮಾಡಿದರೆ ನೂಲು ಮೈ ಜೊತೆ ಸ್ವಲ್ಪ ಹಿಗ್ಗುತ್ತದೆ. ಬಗಲಿನ ಒಳಗೆ ಒಂದೂವರೆ ಇಂಚು ಬಿಟ್ಟು ಹೊಲಿದರೆ ಮೈ ಬಂದಂತೆ ಒಂದೊಂದೇ ಹೊಲಿಗೆ ಬಿಚ್ಚುತ್ತ ಹತ್ತು ವರ್ಷ ತೊಡಬಹುದು. ಇದರಲ್ಲಿ ಎಲ್ಲಿಯಾದರೂ ಮರೆಮಾಡಿ, ಮುಚ್ಚಿ ಅನ್ನುವ ಮಾತು ಬಂತೇ? ಟೇಪು, ಕತ್ತರಿ, ಹತ್ತಿರ ಬಂದು ನೋಡುವ ಮನಸ್ಸು. ಇಷ್ಟೇ.

ಇದನ್ನೆಲ್ಲ ನನಗೆ ಹೇಳಿಕೊಟ್ಟಾಕೆ ನಮ್ಮ ಬೀದಿಯ ತಿರುವಿನಲ್ಲಿ ಅಂಗಡಿ ಇಟ್ಟಿದ್ದಾಳೆ. ಅವಳೂ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಹೊಲಿದು ಸಾಕಾಗಿ, ಪಿಎಫ್ ಹಣದಲ್ಲಿ ಎರಡು ಮಷೀನು ಕೊಂಡವಳು. ಹೋದ ವರ್ಷ ಅವ್ವ ಬೆಂಗಳೂರಿಗೆ ಬಂದಾಗ ಕರೆದುಕೊಂಡು ಹೋದೆ. ಅವ್ವನಿಗೆ 74. ಚೀಲದಲ್ಲಿ ಊರಿನಿಂದ ತಂದ ಖಣ. ಒಳಗೆ ಹೋದವಳೇ ಖಣವನ್ನು ಮೇಜಿನ ಅಂಚಿಗೆ ಇಟ್ಟು, ಬಾಗಿಲವರೆಗೆ ಹಿಂದೆ ಸರಿದು, ಯಾರೂ ಹೇಳುವ ಮೊದಲೇ ನಿಂತಲ್ಲೇ ಒಂದು ಸುತ್ತು ತಿರುಗಿದಳು. ಆಮೇಲೆ ಕೈ ಎತ್ತಿದಳು.

ಅಂಗಡಿಯಾಕೆ ನನ್ನ ಮುಖ ನೋಡಿದಳು. ನಾನು ಏನು ಹೇಳಲಿ? ‘ಅಜ್ಜೀ, ಹತ್ತಿರ ಬನ್ನಿ’ ಅಂದಳು. ಅವ್ವ ಬರಲಿಲ್ಲ. ಇವಳೇ ಎದ್ದು ಹೋದಳು. ಟೇಪು ಎದೆಯ ಸುತ್ತ ಬಂದಾಗ ಅವ್ವ ಕಚಗುಳಿಯಾದಂತೆ ಮೈ ಹಿಡಿ ಮಾಡಿಕೊಂಡಳು, ಆಮೇಲೆ ನಕ್ಕಳು. ಹಿಂದೆ, ಮುಂದೆ, ತೋಳು, ಕಂಕುಳು, ಬೆನ್ನು. ಎರಡೂ ಭುಜದ ಮೇಲೆ ಕೈಯಿಟ್ಟು ಆಕೆ ಒಂದು ಗಳಿಗೆ ನಿಂತಳು. ಎಡ ಭುಜವನ್ನು ಇನ್ನೊಮ್ಮೆ ಮುಟ್ಟಿ ನೋಡಿ, ‘ಈ ಕಡೆ ಭಾರ ಹೊರ್ತಿದ್ರಾ ಅಜ್ಜೀ?’ ಅಂದಳು.

‘ಹೊರೀ ಹೊತ್ತೀನವಾ, ನೀರ ಹೊತ್ತೀನಿ. ಇವರನ ಹೊತ್ತೀನಿ’ ಅಂದಳು ಅವ್ವ, ನನ್ನ ಕಡೆ ಕೈ ಮಾಡಿ.

ಆಕೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ಉದ್ದ 14, ಎದೆ 35, ಸೊಂಟ 33, ತೋಳು 8, ತೋಳಿನ ಸುತ್ತು 11, ಭುಜ 13½. ಅದರ ಕೆಳಗೆ ಒಂದು ಗೆರೆ ಎಳೆದು, ಎಡ ಭುಜ ಅರ್ಧ ಇಂಚು ಇಳಿ.